ಕೊನೆಗಾಲಕ್ಕೆ ಮಾತ್ರ ಅಲ್ಲ

ಮಕ್ಕಳ ಪ್ಯಾಲಿಯೇಟಿವ್ ಕೇರ್, ಅಂದರೆ ಗಂಭೀರ ಕಾಯಿಲೆಯ ಮಕ್ಕಳ ನೋವು, ತೊಂದರೆ ಕಡಿಮೆ ಮಾಡುವ ಆರೈಕೆ, ಇದರ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಅದನ್ನು ಉದ್ದಕ್ಕೂ ‘ಕೊನೆಗಾಲದ ಆರೈಕೆ’ ಅಂತಲೇ ಬರೆದಿದ್ದೀರಿ. ಹಾಗಂದರೆ ಅಪ್ಪ ಅಮ್ಮ ಹೆದರಿ ಆ ಕಡೆ ತಲೆಯೇ ಹಾಕುವುದಿಲ್ಲ. ಕಾಯಿಲೆ ಗೊತ್ತಾದಾಗಿನಿಂದಲೇ ಇದು ಶುರುವಾಗುತ್ತದೆ, ವಾಸಿ ಮಾಡುವ ಚಿಕಿತ್ಸೆಯ ಜೊತೆಗೇ ನಡೆಯಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲೇ ಹೇಳಿದೆ. ಈ ಆರೈಕೆ ಎಂಥ ಕಾಯಿಲೆಗಳಿಗೆ ಅಂತ ಬ್ರಿಟನ್‌ನಲ್ಲಿ ಇನ್ನೂ ಬಿಡಿಸಿ ಹೇಳುತ್ತಾರೆ. ಕ್ಯಾನ್ಸರ್ ಥರದ್ದು ಜೀವಕ್ಕೆ ಅಪಾಯ ತರುವ ಕಾಯಿಲೆ, ವಾಸಿಯೂ ಆಗಬಹುದು. ಸ್ನಾಯುಗಳು ದಿನೇ ದಿನೇ ಸೋಲುವ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿಯಂಥದ್ದು ಆಯಸ್ಸು ಕಡಿಮೆ ಮಾಡುವ ಕಾಯಿಲೆ. ಆದರೂ ಸರಿಯಾದ ಆರೈಕೆ ಸಿಕ್ಕರೆ ಎಷ್ಟೋ ಮಕ್ಕಳು ಇಪ್ಪತ್ತು ದಾಟಿ ಬದುಕುತ್ತಾರೆ. ಅಷ್ಟು ವರ್ಷ ನೋವು, ಉಸಿರಾಟ, ಶಾಲೆ, ಜೊತೆಗೆ ಅಣ್ಣ ತಂಗಿಯರ ಬೇಸರ, ಎಲ್ಲ ನೋಡಿಕೊಳ್ಳಬೇಕು ಅಲ್ವಾ? ನೋವು ಕಡಿಮೆ ಮಾಡುವ ಮಾರ್ಫಿನ್ ಔಷಧಿಗೆ ಸುಮ್ನೆ ಹೆದರಬೇಡಿ ಅಂತ ಬರೆದದ್ದು ಮಾತ್ರ ತುಂಬಾ ಸರಿ.