ಮಂಜಿಗೆ ಒಂದು ಸ್ಟಾರ್

ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ಬೆಟ್ಟ ಇಲ್ಲ. ಚಿಕ್ಕಮಗಳೂರಿನವರಾದ ನಾವು ಇದನ್ನೇ ದೊಡ್ಡ ಸಂಗತಿ ಅಂದುಕೊಂಡು ಇಷ್ಟು ವರ್ಷ ಬೀಗುತ್ತಾ ಓಡಾಡಿಕೊಂಡಿದ್ದೆವು. ಈಗ ಆನ್‌ಲೈನ್‌ನಲ್ಲಿ ಬೆಟ್ಟಕ್ಕೆ ಅಂಕ ಹಾಕುವವರು ಬಂದಿದ್ದಾರೆ. ಐದಕ್ಕೆ ಒಂದು. "ಅಷ್ಟು ಮೆಟ್ಟಿಲು ಹತ್ತಿ ಹೋದ್ರೆ ಬರೀ ಮಂಜು. ಏನೂ ಕಾಣ್ಲಿಲ್ಲ. ಫುಲ್ ವೇಸ್ಟ್."

ಇದೇ ಮಹಾನುಭಾವರು ರೂಮ್ ಬುಕ್ ಮಾಡುವ ಮುಂಚೆ ಹೋಂಸ್ಟೇಗೆ ಫೋನ್ ಮಾಡಿ ಮತ್ತೆ ಮತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಮಂಜು ಇರುತ್ತಾ?" ಇರುತ್ತೆ ಸಾರ್ ಅಂದಿದ್ದರು. ಇತ್ತು. ಕೊಟ್ಟ ಮಾತಿಗೆ ತಪ್ಪಲಿಲ್ಲ. ಆದರೆ ಸಾಹೇಬರಿಗೆ ಬೇಕಿದ್ದ ಮಂಜೇ ಬೇರೆ. ಅದು ಸೊಂಟದ ಮಟ್ಟಕ್ಕೆ ಬಂದು ನಿಲ್ಲಬೇಕು. ಮುಖ ಮುಚ್ಚಬಾರದು. ಹಿಂದಿನ ಬೆಟ್ಟಸಾಲು ಕಾಣುವಷ್ಟು ಪಕ್ಕಕ್ಕೆ ಸರಿಯಬೇಕು. ಫೋಟೊ ಆದಮೇಲೆ ಹೊರಡಬೇಕು. ಕೂದಲು ಮಾತ್ರ ಒದ್ದೆ ಮಾಡಬಾರದು.

ಪಾಪ, ಮಂಜಿಗೆ ಇದೆಲ್ಲ ಯಾರು ಹೇಳಬೇಕು? ಅರಬ್ಬೀ ಸಮುದ್ರದ ಕಡೆಯಿಂದ ತೇವ ಹೊತ್ತ ಗಾಳಿ ಬರುತ್ತದೆ, ಘಟ್ಟಕ್ಕೆ ತಾಗಿ ಮೇಲೇರುತ್ತದೆ, ತಣ್ಣಗಾಗಿ ಮೋಡವಾಗುತ್ತದೆ. ಮೋಡದೊಳಗೆ ಬೆಟ್ಟದ ತುದಿ, ತುದಿಯ ಮೇಲೆ ನಮ್ಮ ಸಾಹೇಬರು. ಕೆಳಗೆ ಹುಲ್ಲುಗಾವಲು, ಅದರ ಕಣಿವೆಗಳಲ್ಲಿ ಅವಿತು ಕೂತ ಶೋಲಾ ಕಾಡು. ಈ ಮಳೆ, ಈ ತೇವ ಎರಡನ್ನೂ ಹಿಡಿದಿಟ್ಟುಕೊಂಡು ನಿಧಾನಕ್ಕೆ ಕೆಳಗೆ ಬಿಡುವುದು ಅದರ ಕೆಲಸ. ಇದೇ ಗಿರಿಸಾಲಿನಲ್ಲಿ ಹುಟ್ಟುವ ವೇದಾ ಮತ್ತು ಆವತಿ ಕೂಡಿ ವೇದಾವತಿಯಾಗಿ ಹರಿದು ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರ ಸೇರುತ್ತವೆ. ಹಿರಿಯೂರಿನ ತೋಟದವರು ಯಾರಾದರೂ ಕೃಪೆ ಮಾಡಿ ನಮ್ಮ ಮಂಜಿಗೆ ಐದು ಸ್ಟಾರ್ ಕೊಟ್ಟರೆ ಸರಾಸರಿ ಸ್ವಲ್ಪ ಸುಧಾರಿಸಬಹುದು.

ಬೆಟ್ಟದ ತುದಿ ಮುಟ್ಟುವುದು ಕೊನೆಯ ಮಾತು. ದಾರಿಯದ್ದೇ ಒಂದು ಪುರಾಣ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪ್ರಪಾತ, ನಡುವೆ ಒಂದು ಟೆಂಪೊ ಟ್ರಾವೆಲರ್ ಮತ್ತು ಒಂದು ಥಾರ್ ಎದುರುಬದುರು. ಇಬ್ಬರೂ ರಿವರ್ಸ್ ತಗೊಳ್ಳಲ್ಲ. ಮರ್ಯಾದೆ ಪ್ರಶ್ನೆ. ಹಿಂದೆ ವಾಹನಗಳ ಸಾಲು ಬೆಳೆಯುತ್ತದೆ. ಮೊದಲ ಹತ್ತು ನಿಮಿಷ ಹಾರ್ನ್. ಆಮೇಲೆ ಜನ ಇಳಿಯುತ್ತಾರೆ. ಒಬ್ಬರು ಬಾನೆಟ್ ಮೇಲೆ ಹತ್ತಿ ಕೂತು ರೀಲ್ಸ್ ಶುರುಮಾಡುತ್ತಾರೆ. ಇನ್ನೊಬ್ಬರು ಡ್ರೋನ್ ಹಾರಿಸಿ, ತಾವೇ ಸಿಕ್ಕಿಹಾಕಿಕೊಂಡಿರುವ ಟ್ರಾಫಿಕ್ ಜಾಮನ್ನು ಮೇಲಿನಿಂದ ಸೆರೆಹಿಡಿದು "ಸ್ವರ್ಗ" ಅಂತ ಹಾಕುತ್ತಾರೆ. ಅದನ್ನು ನೋಡಿ ಮುಂದಿನ ವಾರ ಇನ್ನಷ್ಟು ಜನ ಸ್ವರ್ಗಕ್ಕೆ ಹೊರಡುತ್ತಾರೆ. ಕೊನೆಗೆ ಜಿಲ್ಲಾಡಳಿತ ಬೇಸತ್ತು ಆನ್‌ಲೈನ್ ಬುಕಿಂಗ್ ತಂದಿತು. ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ. ಒಳ್ಳೆಯ ಕೆಲಸವೇ. ಆದರೆ ಈಗ ದೂರಿಗೆ ಹೊಸ ಬಲ ಬಂದಿದೆ. "ನಮ್ಮ ಸ್ಲಾಟ್‌ನಲ್ಲಿ ಮಂಜು, ಮಧ್ಯಾಹ್ನದ ಸ್ಲಾಟ್‌ನವರಿಗೆ ಕ್ಲಿಯರ್ ವ್ಯೂ. ಇದ್ಯಾವ ನ್ಯಾಯ?"

ನನ್ನ ಪರಿಚಯದ ಒಬ್ಬರು ಮೂಡಿಗೆರೆ ಕಡೆ ಹೋಂಸ್ಟೇ ನಡೆಸುತ್ತಾರೆ. ಅಪ್ಪನ ಕಾಲದಲ್ಲಿ ಬರೀ ಕಾಫಿ, ಮೆಣಸು. ಈಗ ಅದರ ಜೊತೆಗೆ ಕ್ಷಮೆ ಕೇಳುವ ಕಸುಬು. "ಸಾರಿ ಮೇಡಂ, ರಾತ್ರಿ ಜೀರುಂಡೆ ಸ್ವಲ್ಪ ಜಾಸ್ತಿ ಕೂಗ್ತು." "ಸಾರಿ ಸಾರ್, ಇಂಬಳ ನಮ್ಮದಲ್ಲ, ಪಕ್ಕದ ಎಸ್ಟೇಟಿಂದು." ಮಳೆಗಾಲದಲ್ಲಿ ಮಲೆನಾಡಿಗೆ ಬಂದು, ಕಾಲಿಗೆ ಇಂಬಳ, ಅಂದರೆ ಜಿಗಣೆ, ಹತ್ತಿದ್ದಕ್ಕೆ ಮ್ಯಾನೇಜ್‌ಮೆಂಟ್ ಏನು ಮಾಡುತ್ತಿದೆ ಅಂತ ಕೇಳಿದವರೂ ಇದ್ದಾರಂತೆ. "ಏನ್ ಹೇಳೋದು ಮಾರಾಯ್ರೆ, ಸುಣ್ಣ ಹೊಗೆಸೊಪ್ಪು ಹಚ್ಕೊಳ್ಳಿ ಅಂದ್ರೆ ಆರ್ಗಾನಿಕ್ಕಾ ಅಂತ ಕೇಳ್ತಾರೆ" ಅಂದರು. ಅವರನ್ನು ನೋಡಿ ಅಯ್ಯೋ ಅನ್ನಿಸುವಷ್ಟರಲ್ಲಿ ಅವರ ಬೋರ್ಡ್ ಕಣ್ಣಿಗೆ ಬಿತ್ತು. ನಾಲ್ಕು ಸಿಲ್ವರ್ ಓಕ್ ಕಡಿಸಿ ಒಂದು ಉಯ್ಯಾಲೆ ನೇತುಹಾಕಿ "ನೇಚರ್ ವ್ಯೂ ಪಾಯಿಂಟ್" ಅಂತ ಬರೆಸಿದ್ದಾರೆ. ಅಲ್ಲಿಂದ ಕಾಣುವುದು ಪಕ್ಕದ ಹೋಂಸ್ಟೇಯ ಸಿಂಟೆಕ್ಸ್ ಟ್ಯಾಂಕ್.

ಇತಿಹಾಸದ ಗತಿಯೂ ಇಷ್ಟೇ. ಬೇಲೂರಿನ ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನ ಕಟ್ಟಿಸಿದ್ದು 1117ರಲ್ಲಿ. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆ ಪಟ್ಟಿಗೆ ಸೇರಿದವು. ಮದನಿಕೆಯ ಬಳೆ, ಆ ಬಳೆಯೊಳಗಿನ ಸಂದು, ಎಲ್ಲವನ್ನೂ ಕಲ್ಲಿನಲ್ಲೇ ಕೊರೆದಿದ್ದಾರೆ. ಆದರೆ ಜನ ಮುತ್ತಿಕೊಂಡಿರುವುದು ಅಂಗಳದ 42 ಅಡಿ ಕಂಬದ ಬುಡದಲ್ಲಿ. ಆ ಕಂಬಕ್ಕೆ ಪಾಯವಿಲ್ಲ, ತನ್ನ ಭಾರದ ಮೇಲೆ ತಾನೇ ನಿಂತಿದೆ. ಗೈಡ್ ಕೂತು, ಒಂದು ಕಾಗದದ ಚೂರನ್ನು ಕಂಬದ ಅಡಿಯ ಸಂದಿಗೆ ತೂರಿಸಿ ಆ ಕಡೆಯಿಂದ ಎಳೆಯುತ್ತಾರೆ. ಚಪ್ಪಾಳೆ! ಆಮೇಲೆ ಪ್ರತಿಯೊಬ್ಬರೂ ತಮ್ಮ ತಮ್ಮ ಕಾಗದ ತೂರಿಸಬೇಕು. ಕಾಗದ ಇಲ್ಲದವರು ಟಿಕೆಟ್ ತೂರಿಸುತ್ತಾರೆ. ಹೊಯ್ಸಳರ ಇಡೀ ಶಿಲ್ಪಕಲೆ ಹಿಂದೆ ನಿಂತು ತನ್ನ ಸರದಿಗೆ ಕಾಯುತ್ತಿರುತ್ತದೆ, ಅಷ್ಟರಲ್ಲಿ ಬಸ್ಸಿನವನು ಹಾರ್ನ್ ಹೊಡೆಯುತ್ತಾನೆ.

ಹಾಸನ–ಬೇಲೂರು ರಸ್ತೆಯಿಂದ ಸ್ವಲ್ಪ ಒಳಗೆ ದೊಡ್ಡಗದ್ದವಳ್ಳಿ ಇದೆ. ಅಲ್ಲಿಯ ಲಕ್ಷ್ಮೀದೇವಿ ದೇವಾಲಯ ಬೇಲೂರಿಗಿಂತಲೂ ಹಳೆಯದು. 1113ರ ಸುಮಾರಿಗೆ ಕುಲ್ಲಹಣ ರಾಹುತ ಎಂಬ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ್ದು. ರಾಜನಲ್ಲ, ಅಂಗಡಿಯವನು! ನಾಲ್ಕು ಗರ್ಭಗುಡಿ, ಪಕ್ಕದಲ್ಲಿ ಕೆರೆ. ಇದರ ಬಗ್ಗೆ ನಮ್ಮ ವಿಮರ್ಶಕರು ಏನಂತಾರೆ? "ಹತ್ತಿರ ತಿನ್ನೋಕೆ ಏನೂ ಸಿಗಲ್ಲ." ಮಾತಿನಲ್ಲಿ ಸತ್ಯವಿರಬೇಕು. ಕಾಳಿಯ ಗುಡಿಯ ಬಾಗಿಲಲ್ಲಿ ನಿಂತ ಎರಡು ಬೇತಾಳಗಳ ಪಕ್ಕೆಲುಬನ್ನು ಒಂದೊಂದಾಗಿ ಎಣಿಸಬಹುದು. ಅವೂ ಒಂಬೈನೂರು ವರ್ಷದಿಂದ ಹೋಟೆಲ್ ಹುಡುಕುತ್ತಿರಬೇಕು.

ಸಕಲೇಶಪುರದ ಮಂಜರಾಬಾದ್ ಕೋಟೆಯದು ಇನ್ನೂ ಕಷ್ಟ. ಟಿಪ್ಪು 1792ರಲ್ಲಿ ಕಟ್ಟಿಸಿದ, ಎಂಟು ಮೂಲೆಯ ನಕ್ಷತ್ರಾಕಾರದ ಕೋಟೆ. ಫೋಟೊದಲ್ಲಿ ನೋಡಿ ಬಂದವರು ಒಳಗೆ ನಿಂತು ಸುತ್ತ ಗೋಡೆ ನೋಡುತ್ತಾರೆ. ನಕ್ಷತ್ರ ಎಲ್ಲಿ? ಕಾಣಬೇಕಾದರೆ ಹಕ್ಕಿಯಾಗಿ ಹುಟ್ಟಿರಬೇಕಿತ್ತು. ಹೀಗಾಗಿ ಎಂಟು ಮೂಲೆಯ ಸ್ಟಾರ್‌ಗೆ ಸಿಕ್ಕಿದ್ದು ಒಂದೇ ಸ್ಟಾರ್.

ಶೆಟ್ಟಿಹಳ್ಳಿ ಚರ್ಚ್ ಮಾತ್ರ ಎಲ್ಲರಿಗೂ ಅಚ್ಚುಮೆಚ್ಚು. ಫ್ರೆಂಚ್ ಪಾದ್ರಿಗಳು 19ನೇ ಶತಮಾನದಲ್ಲಿ ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದರು, ಹಿನ್ನೀರು ಬಂತು, ಊರು ಎದ್ದುಹೋಯಿತು, ಚರ್ಚ್ ನಿಂತಲ್ಲೇ ಉಳಿಯಿತು. ಅಲ್ಲೀಗ ಪ್ರಿ-ವೆಡ್ಡಿಂಗ್ ಶೂಟ್. ಯಾರದೋ ಮನೆ ಮುಳುಗಿದ ಜಾಗದಲ್ಲಿ ಇನ್ಯಾರೋ ಹೊಸ ಮನೆ ಹೂಡುವ ಸಂಭ್ರಮ. ಅದಕ್ಕೂ ತಕರಾರಿದೆ. ಬೇಸಿಗೆಯಲ್ಲಿ ಬಂದವರು "ನೀರೇ ಇಲ್ಲ" ಅಂತಾರೆ. ಮಳೆಗಾಲದಲ್ಲಿ ಬಂದವರು "ಚರ್ಚೇ ಇಲ್ಲ" ಅಂತಾರೆ.

ಸಕಲೇಶಪುರ, ಆಲೂರು ಕಡೆ ಆನೆ ಎಲ್ಲಿದೆ ಅಂತ ಜನರ ಮೊಬೈಲಿಗೆ ಮೆಸೇಜ್ ಬರುತ್ತದೆ. ಬೆಳಿಗ್ಗೆ ತೋಟದ ಕೆಲಸಕ್ಕೆ ಹೋಗುವ ಹೆಂಗಸರು ಅದನ್ನು ನೋಡಿ ದಾರಿ ಬದಲಿಸುತ್ತಾರೆ. ಬದಲಿಸದಿದ್ದರೆ ಸಂಜೆ ಮನೆಗೆ ಬರುವ ಖಾತರಿ ಇಲ್ಲ. ವೀಕೆಂಡಿನವರ ಕೈಗೆ ಅದೇ ಮೆಸೇಜ್ ಸಿಕ್ಕರೆ? ಅವರೂ ದಾರಿ ಬದಲಿಸುತ್ತಾರೆ, ಆನೆ ಇರುವ ಕಡೆಗೆ. ಚಾರ್ಮಾಡಿ ಘಾಟಿಯಲ್ಲೂ ಇದೇ ಕಥೆ. "ಬಂಡೆ ಹತ್ತಬೇಡಿ" ಅನ್ನುವ ಬೋರ್ಡೇ ಹತ್ತುವ ಜಾಗದ ಗುರುತು. 2024ರ ಮಳೆಗಾಲದಲ್ಲಿ ಪೊಲೀಸರು ಹೇಳಿ ಹೇಳಿ ಸಾಕಾಗಿ, ಜಲಪಾತಕ್ಕೆ ಇಳಿದವರ ಬಟ್ಟೆಗಳನ್ನೇ ಎತ್ತಿಕೊಂಡು ಹೊರಟರು. ಬಂಡೆ ಮೇಲಿದ್ದ ವೀರರು ಚಡ್ಡಿಯಲ್ಲೇ ಜೀಪಿನ ಹಿಂದೆ ಬಂದರು. ಜಿಲ್ಲೆಯ ಪ್ರವಾಸೋದ್ಯಮಕ್ಕೆ ಸಂಬಂಧಪಟ್ಟಂತೆ ಇಷ್ಟು ಬೇಗ ಫಲ ಕೊಟ್ಟ ಯೋಜನೆ ಇನ್ನೊಂದಿಲ್ಲ. ಇದಕ್ಕೆ ಡಿಪಿಆರ್ (ವಿಸ್ತೃತ ಯೋಜನಾ ವರದಿ) ಕೂಡ ಬೇಕಾಗಲಿಲ್ಲ.

ಬೆಟ್ಟಕ್ಕೆ ರೋಪ್‌ವೇ ಹಾಕುವ ಮಾತು ಆಗಾಗ ತಲೆ ಎತ್ತುತ್ತದೆ. ಹಾಕಲಿ ಬಿಡಿ. ಮೆಟ್ಟಿಲು ಹತ್ತಿ ಸುಸ್ತಾಗದೆ, ಕೂತಲ್ಲೇ, ಏನೂ ಕಾಣದೆ ಇರುವ ಸೌಲಭ್ಯವನ್ನಾದರೂ ಜನರಿಗೆ ಕೊಟ್ಟಂತಾಗುತ್ತದೆ. ಜೊತೆಗೆ ಮೇಲೆ ನಾಲ್ಕು ದೊಡ್ಡ ಫ್ಯಾನ್ ಇಡಿಸಿದರೆ ಮಂಜನ್ನು ಪಕ್ಕದ ಜಿಲ್ಲೆಗೆ ತಳ್ಳಬಹುದು. ಹಾಸನದವರು ತಕರಾರು ಎತ್ತಿದರೆ ಕಾವೇರಿಯಂತೆ ಮಂಜಿಗೂ ಒಂದು ನ್ಯಾಯಮಂಡಳಿ ಮಾಡಿದರಾಯಿತು.

ಮೊನ್ನೆ ಅದೇ ಹೋಂಸ್ಟೇಯ ಜಗುಲಿಯಲ್ಲಿ ಕೂತಿದ್ದಾಗ ಒಂದು ಫೋನ್ ಬಂತು. ಅವರು ಸ್ಪೀಕರ್ ಹಾಕಿದರು.

"ಅಣ್ಣ, ಈ ಶನಿವಾರ ಬರ್ತಿದೀವಿ. ನೀಲಕುರಿಂಜಿ ಸಿಗುತ್ತಲ್ವಾ?"

"ಅದು ಹನ್ನೆರಡು ವರ್ಷಕ್ಕೊಂದ್ಸಲ ಬಿಡೋದು ಸಾರ್. ನಮ್ ಗಿರಿಯಲ್ಲಿ 2022ರಲ್ಲಿ ಆಗೋಯ್ತು. ಇನ್ನು 2034ಕ್ಕೆ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಗೆಳೆಯರ ಜೊತೆ ಏನೋ ಗುಸುಗುಸು.

"ಸ್ವಲ್ಪ ಬೇಗ ಆಗಲ್ವಾ ಅಣ್ಣ? ಎಕ್ಸ್‌ಟ್ರಾ ಬೇಕಾದ್ರೆ ಕೊಡ್ತೀವಿ."

ನಾನು ನಕ್ಕೆ. ಅವರು ನಗಲಿಲ್ಲ. ಡೈರಿ ತೆಗೆದು, ಪೆನ್ನು ಹುಡುಕಿ, 2034ರ ಸೆಪ್ಟೆಂಬರಿಗೆ ಎರಡು ರೂಮ್ ಬರೆದುಕೊಂಡರು. ಅರ್ಧ ದುಡ್ಡು ಅಡ್ವಾನ್ಸ್, ಫೋನ್‌ಪೇ ಮಾಡಿಸಿಕೊಂಡರು. ಬಾಕಿ ಚೆಕ್‌ಇನ್ ಸಮಯದಲ್ಲಿ. ಹೂ ಬಿಡದಿದ್ದರೆ ರೀಫಂಡ್ ಇಲ್ಲ.