ಗಲಗಲಿ ಬಂದರಿಗೆ ಸ್ವಾಗತ

ಬಾಗಲಕೋಟೆ ಜಿಲ್ಲೆಗೆ ಸಮುದ್ರದ ದಾರಿ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆ ತೆಗೆದು ನೋಡಿ. ದೇಶದ 111 ಜಲಮಾರ್ಗಗಳ ಪಟ್ಟಿಯಲ್ಲಿ ನಮ್ಮ ಘಟಪ್ರಭಾ ಇದೆ, ಮಲಪ್ರಭಾ ಇದೆ. ಕೃಷ್ಣೆಯಂತೂ ಗಲಗಲಿಯಿಂದಲೇ ರಾಷ್ಟ್ರೀಯ ಜಲಮಾರ್ಗ 4ರ ಭಾಗ. ಅಲ್ಲಿಂದ ತೆಲಂಗಾಣದ ವಜೀರಾಬಾದ್‌ವರೆಗೆ 628 ಕಿ.ಮೀ., ಆಮೇಲೆ ವಿಜಯವಾಡ, ಕಾಲುವೆ ಹಿಡಿದರೆ ಕಾಕಿನಾಡ, ಚೆನ್ನೈ. ಕಾಗದದ ಪ್ರಕಾರ ನಾವು ಬಂದರಿನ ಮಂದಿ!

ಗಲಗಲಿ ದಂಡೆಯಲ್ಲಿ ಬಲೆಯ ಗಂಟು ಬಿಡಿಸುತ್ತ ಕೂತಿದ್ದವರಿಗೆ ಈ ಸಿಹಿ ಸುದ್ದಿ ಹೇಳಿದೆ. 'ಕಾಕಾ, ಇದು ರಾಷ್ಟ್ರೀಯ ಜಲಮಾರ್ಗ, ಗೊತ್ತೈತೇನ್ರಿ?' ಅವರು ತಲೆ ಎತ್ತದೆ ಕೇಳಿದರು: 'ಹಂಗಾದ್ರ ಟೋಲ್ ಎಲ್ಲಿ ಕಟ್ಟಬೇಕೋ ತಮ್ಮಾ?'

ಇರಲಿ, ಮಹಾಲಿಂಗಪುರದ ಬೆಲ್ಲ ತುಂಬಿದ ಹಡಗು ಇಲ್ಲಿಂದ ಹೊರಟಿತು ಅಂದುಕೊಳ್ಳಿ. ತೆಂಗಿನಕಾಯಿ ಒಡೆದು, ಶಾಲು ಹೊದಿಸಿ, ಫೋಟೊ ತೆಗೆಸಿಕೊಂಡಾಯಿತು. ಮೊದಲು ಎದುರಾಗುವುದೇ ಆಲಮಟ್ಟಿ. ಅಲ್ಲಿ 26 ಗೇಟುಗಳಿವೆ, ಹಡಗಿಗೆ ಅಂತ ಒಂದೂ ಇಲ್ಲ. ಮಳೆಗಾಲದಲ್ಲಿ ಗೇಟು ಎತ್ತಿದಾಗ ನುಗ್ಗಿಸಬಹುದು. ಹಡಗು ದಾಟಿದರೂ ದಾಟೀತು, ಬೆಲ್ಲ ಮಾತ್ರ ಪಾನಕ ಆಗಿರುತ್ತದೆ. ಮುಂದೆ ನಾರಾಯಣಪುರ, ಜುರಾಲಾ, ಶ್ರೀಶೈಲ, ನಾಗಾರ್ಜುನ ಸಾಗರ. ಒಂದೊಂದು ಕಟ್ಟೆಗೂ ಕ್ರೇನ್ ತರಿಸಿ ಹಡಗನ್ನು ಎತ್ತಿ ಇಳಿಸುವಷ್ಟರಲ್ಲಿ, ಯುಗಾದಿಗೆ ಮಲ್ಲಯ್ಯನ ಪಾದಯಾತ್ರೆ ಹೊರಟ ನಮ್ಮ ಮಂದಿ ಶ್ರೀಶೈಲ ಮುಟ್ಟಿ, ದರ್ಶನ ಮುಗಿಸಿ, ಬಸ್ಸು ಹತ್ತಿ ಮನೆ ಸೇರಿರುತ್ತಾರೆ.

ಸಮುದ್ರ ಇಲ್ಲದವರ ಹುಚ್ಚು ಹೊಸದೇನಲ್ಲ ಬಿಡಿ. 1879ರಲ್ಲಿ ಚಿಲಿ ಜೊತೆ ಶುರುವಾದ ಯುದ್ಧದಲ್ಲಿ ಬೊಲಿವಿಯಾ ತನ್ನ ಕರಾವಳಿ ಕಳೆದುಕೊಂಡಿತು. ಇವತ್ತಿಗೂ ಅದಕ್ಕೆ ನೌಕಾಪಡೆ ಇದೆ, ಟಿಟಿಕಾಕಾ ಸರೋವರದಲ್ಲಿ ತಾಲೀಮು ನಡೆಸುತ್ತದೆ. ಪ್ರತಿ ಮಾರ್ಚ್ 23ಕ್ಕೆ ಸಮುದ್ರ ದಿನ ಬೇರೆ. ನಮಗೂ ಒಂದು ದಿನ ಗೊತ್ತು ಮಾಡಿದರೆ ರಜೆಯಾದರೂ ಸಿಕ್ಕೀತು, ಅಲ್ವಾ?

ಆದರೆ ಪರಾಗ್ವೆ ನೋಡಿ. ಅದಕ್ಕೂ ಸಮುದ್ರ ಇಲ್ಲ. ಅಲ್ಲಿನ ಸೋಯಾ ಸಾಲು ಸಾಲು ಬಾರ್ಜುಗಳಲ್ಲಿ ಪರಾಗ್ವೆ, ಪರಾನಾ ನದಿಗಳಲ್ಲಿ ಇಳಿದು ಅಟ್ಲಾಂಟಿಕ್ ಕಡೆ ಹೋಗುತ್ತದೆ. ಬರೀ ಪಟ್ಟಿಗೆ ಹೆಸರು ಸೇರಿಸಿದ್ದಕ್ಕೆ ಬಾರ್ಜು ಓಡಲಿಲ್ಲ. ಹೂಳು ತೆಗೆದು ಆಳ ಕಾಯ್ದುಕೊಳ್ಳಬೇಕು. ಹಾದಿಯಲ್ಲಿರುವವರು ಒಪ್ಪಬೇಕು. 1992ರಲ್ಲಿ ಐದು ದೇಶಗಳು ಕೂತು ಈ ಜಲಮಾರ್ಗಕ್ಕೆ ಒಪ್ಪಂದ ಮಾಡಿಕೊಂಡವು. ಇಲ್ಲಿ ಆಲಮಟ್ಟಿ 519.6 ಮೀಟರಿಗೇ ನಿಲ್ಲಬೇಕೋ, 524.256ಕ್ಕೆ ಏರಬೇಕೋ ಅಂತ ಒಂದೇ ದೇಶದ ರಾಜ್ಯಗಳು ವರ್ಷಗಟ್ಟಲೆ ಜಗ್ಗಾಡುತ್ತಿವೆ.

ಇನ್ನು ಬೇಸಿಗೆ. ಮೇಲಿನ ಕೃಷ್ಣೆ ಬತ್ತಿತು ಅಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರದವರಿಗೆ ಕುಡಿಯಲು ಕೊಯ್ನಾ ನೀರು ಬಿಡಿ ಅಂತ ಮಹಾರಾಷ್ಟ್ರಕ್ಕೆ ಪತ್ರ ಹೋಗುವುದು ರೂಢಿ. ಬರುವ ವರ್ಷದ ಪತ್ರಕ್ಕೆ ಇನ್ನೊಂದು ಸಾಲು ಸೇರಿಸಿ ಸಾಹೇಬ್ರೇ: ಜನರಿಗೆ ಇಷ್ಟು, ದನಕರುಗಳಿಗೆ ಇಷ್ಟು, ಹಡಗು ತೇಲಲು ಇಷ್ಟು.