ಕೊಟ್ಟು ತಂದ ಲೆಕ್ಕ

ಶಿಕಾಗೊದ ರಿಗ್ಲಿ ಫೀಲ್ಡ್ ಬೇಸ್‌ಬಾಲ್ ಮೈದಾನದಲ್ಲಿ ನನ್ನಂಥ ಸಸ್ಯಾಹಾರಿ ಕಣ್ಣು ಮುಚ್ಚಿ ನಂಬಬಹುದಾದ ತಿಂಡಿ ಅಂದರೆ ಕಡಲೆಕಾಯಿ. ಸಿಪ್ಪೆ ಸಮೇತ ಹುರಿದದ್ದು, ಮೇಲೆ ಒಂದಿಷ್ಟು ಉಪ್ಪು. ತಿಂದು ಸಿಪ್ಪೆಯನ್ನು ಕಾಲ ಕೆಳಗೇ ಹಾಕಬಹುದು, ಯಾರೂ ಕೆಕ್ಕರಿಸಿ ನೋಡುವುದಿಲ್ಲ. ಬಸವನಗುಡಿಯ ಪರಿಷೆ ನೋಡಿಕೊಂಡು ಬೆಳೆದವನಿಗೆ ಇನ್ನೇನು ಬೇಕು? 2012ರ ಏಪ್ರಿಲ್‌ನಲ್ಲಿ, ಶಿಕಾಗೊಗೆ ಬಂದ ಹೊಸದರಲ್ಲಿ, ರೆಡ್ ಲೈನ್ ರೈಲು ಹತ್ತಿ ಅಡಿಸನ್ ಸ್ಟೇಷನ್ನಿನಲ್ಲಿ ಇಳಿದು ಮೊದಲ ಸಲ ಅಲ್ಲಿಗೆ ಹೋದೆ. ಬೇಸ್‌ಬಾಲ್ ಬಗ್ಗೆ ತಲೆಬುಡ ಗೊತ್ತಿರಲಿಲ್ಲ. ಸರೋವರದ ಕಡೆಯಿಂದ ಎಲುಬಿಗೆ ಇಳಿಯುವ ಗಾಳಿ. ಆ ಮೈದಾನದ ಟೀಮು ಕಬ್ಸ್ ಸೋತರು. ನಾನು ಕಡಲೆಕಾಯಿ ಮುಗಿಸಿ ಮನೆಗೆ ಬಂದೆ.

ಆ ವರ್ಷ ಅವರು ಆಡಿದ್ದು 162 ಪಂದ್ಯ, ಸೋತದ್ದು 101.

ಸೋಲೋ ಟೀಮಿನ ಹಿಂದೆ ಹೋಗೋದು ನನಗೆ ಹೊಸದೇನಲ್ಲ. ನಾನು ಆರ್‌ಸಿಬಿ ಕಡೆಯವನು. ಆದರೆ ಇವರ ಸೋಲಿನ ಪಂಚಾಂಗವೇ ಬೇರೆ. ಆಗ ಅವರು ವರ್ಲ್ಡ್ ಸೀರೀಸ್, ಅಂದರೆ ಬೇಸ್‌ಬಾಲಿನ ಫೈನಲ್ ಸರಣಿ, ಕೊನೆಯ ಸಲ ಗೆದ್ದದ್ದು 1908ರಲ್ಲಿ. 2025ರಲ್ಲಿ ಗೆಲ್ಲೋವರೆಗೂ ನಾವು ಪ್ರತಿ ವರ್ಷ ‘ಈ ಸಲ ಕಪ್ ನಮ್ದೇ’ ಅಂತಿದ್ವಿ. ಕಬ್ಸಿನವರ ಮಾತು ‘ಮುಂದಿನ ವರ್ಷ ನೋಡ್ತಿರಿ’. ಎರಡೂ ಒಂದೇ ಅನ್ನಿಸಬಹುದು, ಅಲ್ಲ. ‘ಈ ಸಲ’ ಅನ್ನುವವನು ಪ್ರತಿ ಸಲ ಮೋಸ ಹೋಗುತ್ತಿದ್ದ. ‘ಮುಂದಿನ ವರ್ಷ’ ಅನ್ನುವವನಿಗೆ ಮೋಸವೇ ಇಲ್ಲ, ಮುಂದಿನ ವರ್ಷ ಯಾವತ್ತೂ ಮುಂದೇ ಇರುತ್ತದೆ.

ನಾನು ಬರುವ ಆರು ತಿಂಗಳ ಹಿಂದೆ, 2011ರ ಅಕ್ಟೋಬರ್‌ನಲ್ಲಿ, ಥಿಯೋ ಎಪ್‌ಸ್ಟೀನ್ ಅನ್ನುವವರು ಬಾಸ್ಟನ್ನಿನಿಂದ ಬಂದು ಕಬ್ಸಿನ ಉಸ್ತುವಾರಿ ವಹಿಸಿಕೊಂಡಿದ್ದರು. ಬಾಸ್ಟನ್ನಿನ 86 ವರ್ಷದ ಬರಗಾಲವನ್ನು 2004ರಲ್ಲಿ ಮುಗಿಸಿದ್ದ ಆಸಾಮಿ. ಜೊತೆಗೆ ಜೆಡ್ ಹೋಯರ್. ಇವರಿಬ್ಬರೂ ತೇಪೆ ಹಾಕುವ ಕೆಲಸಕ್ಕೆ ಹೋಗಲಿಲ್ಲ. ಹಳೇ ಮನೆ ಕೆಡವಿ ಪಾಯದಿಂದ ಕಟ್ಟೋದು ಅಂತ ತೀರ್ಮಾನ ಮಾಡಿದರು. ಬೆಲೆ ಬಾಳುವ ಹಳಬರನ್ನು ಬೇರೆ ಟೀಮಿಗೆ ಕೊಟ್ಟು, ಇನ್ನೂ ಹೆಸರು ಮಾಡದ ಹುಡುಗರನ್ನು ತರುವುದು. ನಡುವೆ ಸೋತರೆ ಸೋಲಲಿ. ಯಾಕೆಂದರೆ ಅಮೆರಿಕದ ಬೇಸ್‌ಬಾಲಿನಲ್ಲಿ ಆಗ ಕ್ಲಾಸಿಗೆ ಲಾಸ್ಟ್ ಬಂದವನಿಗೇ ಮುಂದಿನ ವರ್ಷ ಮೊದಲನೇ ಬೆಂಚು: ಹೊಸ ಹುಡುಗರನ್ನು ಆರಿಸುವ ಡ್ರಾಫ್ಟಿನಲ್ಲಿ ಜಾಸ್ತಿ ಸೋತವರಿಗೆ ಮೊದಲ ಸರದಿ. ಹಾಗೆ ಎರಡನೇ ಸರದಿಯಲ್ಲಿ 2013ರಲ್ಲಿ ಸಿಕ್ಕಿದವನು ಕ್ರಿಸ್ ಬ್ರಯಾಂಟ್.

“ದುಡ್ಡು ಕೊಟ್ಟು ಸೋಲು ನೋಡೋಕೆ ಹೋಗ್ತೀಯಲ್ಲ” ಅಂತ ಹೆಂಡತಿ ಕೇಳುತ್ತಿದ್ದಳು. ನ್ಯಾಯವಾದ ಪ್ರಶ್ನೆ. ಅಡುಗೆಭಟ್ಟ ಇನ್ನೂ ಕಲಿಯುತ್ತಿದ್ದಾನೆ, ನಾಲ್ಕು ವರ್ಷ ತಡೆದರೆ ಒಳ್ಳೆ ಊಟ ಸಿಗುತ್ತದೆ ಅಂದರೆ ಯಾವ ಹೋಟೆಲಿಗೆ ಯಾರು ಹೋಗುತ್ತಾರೆ? ನನ್ನ ಬಳಿ ಒಂದೇ ಉತ್ತರ ಇತ್ತು. ನಾನು ಕಾಲೇಜಿನಲ್ಲಿದ್ದಾಗ ನಮ್ಮಪ್ಪ ಹಳೇ ಮನೆ ಕೆಡವಿ ಹೊಸದು ಕಟ್ಟಿಸಿದರು. ಎರಡು ವರ್ಷ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ದಿನಾ ಸಂಜೆ ಸೈಟಿಗೆ ಹೋಗಿ ನಿಂತುಕೊಳ್ಳುತ್ತಿದ್ದರು. ಪಾಯದ ಗುಂಡಿ, ಒಂದು ರಾಶಿ ಜಲ್ಲಿ, ಕ್ಯೂರಿಂಗಿಗೆ ನೀರು ಹಿಡಿಯುವ ಹುಡುಗ, ನೋಡೋಕೆ ಅಷ್ಟೇ ಇದ್ದದ್ದು. ಆದರೂ ಮನೆಗೆ ಬಂದು ಹಾಲ್ ಎಷ್ಟು ದೊಡ್ಡದಾಗಿ ಬಂದಿದೆ ಅಂತ ಅಮ್ಮನಿಗೆ ವರ್ಣಿಸುತ್ತಿದ್ದರು. ನಾನು ಅಡಿಸನ್ನಿಗೆ ಹೋಗುತ್ತಿದ್ದದ್ದೂ ಹಾಗೇ.

ನಾನು ಕೊಳ್ಳುತ್ತಿದ್ದದ್ದು ಕಂಬದ ಹಿಂದಿನ ಸೀಟು. 1914ರ ಮೈದಾನ, ಮೇಲಿನ ಅಂತಸ್ತನ್ನು ಕಬ್ಬಿಣದ ಕಂಬಗಳು ಹೊತ್ತಿವೆ. ಕಂಬದ ಹಿಂದೆ ಕೂತರೆ ಚೆಂಡೆಸೆಯುವ ಪಿಚರ್ ಕಂಡರೆ ಬ್ಯಾಟ್ ಹಿಡಿದವನು ಕಾಣೋದಿಲ್ಲ. ಅದಕ್ಕೇ ಅಗ್ಗ. ಅಲ್ಲೇ ಪರಿಚಯವಾದವರು ಒಬ್ಬ ಅಜ್ಜ. ಎಪ್ಪತ್ತು ದಾಟಿದ್ದರು, ರಿಟೈರ್ ಆದ ಲೆಕ್ಕಪತ್ರದ ಮನುಷ್ಯ. ತೊಡೆಯ ಮೇಲೆ ಹಲಗೆ, ಅದರ ಮೇಲೆ ಸ್ಕೋರ್ ಹಾಳೆ, ಕಿವಿಗೆ ಸಿಕ್ಕಿಸಿದ ಮೋಟು ಪೆನ್ಸಿಲ್. ಪ್ರತಿ ಚೆಂಡಿನ ಲೆಕ್ಕ ಬರೆಯುತ್ತಿದ್ದರು. ಬೇಸ್‌ಬಾಲಿನಲ್ಲಿ ಹೀಗೆ ಬರೆಯುವವರು ತುಂಬ ಜನ, ಅದು ವಿಶೇಷವಲ್ಲ. ವಿಶೇಷ ಅಂದರೆ, ಆಟಗಾರನ ಹೆಸರಿನ ಪಕ್ಕ ಇನ್ನೊಂದು ಹೆಸರನ್ನು ಇರುವೆ ಸಾಲಿನಷ್ಟು ಸಣ್ಣಗೆ ಬರೆಯುತ್ತಿದ್ದರು. ‘ರಿಜ್ಜೊ’ ಅಂತ ಬರೆದು ಪಕ್ಕದಲ್ಲಿ ‘ಕ್ಯಾಶ್ನರ್’.

“ಇವನ್ಯಾರು?” ಅಂತ ಕೇಳಿದೆ.

“ರಿಜ್ಜೊ ಬರೋಕೆ ಹೋದವನು” ಅಂದರು.

ಬೇಸ್‌ಬಾಲಿನಲ್ಲಿ ಇದಕ್ಕೆ ಟ್ರೇಡ್ ಅನ್ನುತ್ತಾರೆ. ನನಗದು ನಮ್ಮೂರ ಕಡೆಯ ಕೊಟ್ಟು ತರುವ ಸಂಬಂಧದ ಹಾಗೆ ಕಂಡಿತು. ಇಲ್ಲಿಂದ ಒಬ್ಬ ಅಲ್ಲಿಗೆ, ಅಲ್ಲಿಂದ ಒಬ್ಬ ಇಲ್ಲಿಗೆ. ಮದುವೆಯಲ್ಲಾದರೂ ಶಾಸ್ತ್ರಕ್ಕೆ ಒಪ್ಪಿಗೆ ಕೇಳುತ್ತಾರೆ, ಇಲ್ಲಿ ಅದೂ ಕಮ್ಮಿ. ಆಂಟನಿ ರಿಜ್ಜೊ ಕಥೆಯೇ ನೋಡಿ. 2007ರಲ್ಲಿ ಅವನನ್ನು ಬಾಸ್ಟನ್ ಆರಿಸಿದಾಗ ಎಪ್‌ಸ್ಟೀನ್, ಹೋಯರ್ ಇಬ್ಬರೂ ಅಲ್ಲಿದ್ದರು. ಮರುವರ್ಷ, ಹದಿನೆಂಟರ ವಯಸ್ಸಿಗೆ, ಹುಡುಗನಿಗೆ ಕ್ಯಾನ್ಸರ್. ವಾಸಿಯಾಯಿತು. ಹೋಯರ್ ಸ್ಯಾನ್ ಡಿಯಾಗೊಗೆ ಹೋದಾಗ ಅವನನ್ನು ಅಲ್ಲಿಗೆ ತರಿಸಿಕೊಂಡರು. ಶಿಕಾಗೊಗೆ ಬಂದಾಗ ಇಲ್ಲಿಗೂ ತರಿಸಿಕೊಂಡರು. ಮನೆ ಬದಲಾಯಿಸಿದಾಗೆಲ್ಲ ಅಜ್ಜಿಯ ಒರಳುಕಲ್ಲು ಹೊತ್ತುಕೊಂಡು ಹೋಗುವವರ ಹಾಗೆ!

ಆದರೆ ನನ್ನ ಮನಸ್ಸಿನಲ್ಲಿ ಕೂತವನು ರಯಾನ್ ಡೆಂಪ್ಸ್ಟರ್. ಕಬ್ಸಿಗೆ 2004ರಿಂದ ಆಡಿದ ಪಿಚರ್, ತಮಾಷೆಯ ಮನುಷ್ಯ, ಊರಿಗೆಲ್ಲ ಬೇಕಾದವನು. 2012ರ ಜುಲೈಯಲ್ಲಿ ಅವನನ್ನು ಅಟ್ಲಾಂಟಾಗೆ ಕೊಡುವ ಮಾತು ಹೆಚ್ಚು ಕಮ್ಮಿ ಮುಗಿದಿತ್ತು. ಹತ್ತು ವರ್ಷ ದೊಡ್ಡ ಲೀಗಿನಲ್ಲಿ ಆಡಿ, ಅದರಲ್ಲಿ ಕೊನೆಯ ಐದು ಒಂದೇ ಟೀಮಿಗೆ ಆಡಿದವನಿಗೆ ನಿಯಮದ ಪ್ರಕಾರವೇ ‘ನಾನು ಹೋಗಲ್ಲ’ ಅನ್ನುವ ಹಕ್ಕಿದೆ. ಡೆಂಪ್ಸ್ಟರ್ ಒಪ್ಪಲಿಲ್ಲ. ಪೇಪರಿನವರು, ಅಭಿಮಾನಿಗಳು ಎಲ್ಲ ಬೈದರು. ಕೊನೆಗೆ ಟ್ರೇಡಿನ ಗಡುವಿನ ದಿನ ಟೆಕ್ಸಸ್ಸಿಗೆ ಹೊರಟ. ಬದಲಿಗೆ ಬಂದವರಲ್ಲಿ ಒಬ್ಬ ಕೈಲ್ ಹೆಂಡ್ರಿಕ್ಸ್. ಎಂಟನೇ ಸುತ್ತಿನಲ್ಲಿ ಆರಿಸಿದ ಹುಡುಗ. ಎಲ್ಲರೂ ಗಂಟೆಗೆ 150 ಕಿಲೋಮೀಟರಿನ ಹತ್ತಿರ ಎಸೆಯುವ ಕಾಲದಲ್ಲಿ ಇವನದು 140ರ ಆಸುಪಾಸು. ಮುಖದಲ್ಲಿ ಗೆದ್ದರೂ ಅಷ್ಟೇ, ಸೋತರೂ ಅಷ್ಟೇ. ಬ್ಯಾಂಕಿನ ಕೌಂಟರಿನಲ್ಲಿ ಕೂರಿಸಿದ್ದರೂ ನಡೆಯುತ್ತಿತ್ತು. ಅಜ್ಜ ಮಾತ್ರ ಹೆಂಡ್ರಿಕ್ಸ್ ಆಡಿದ ದಿನವೆಲ್ಲ ಪಕ್ಕದಲ್ಲಿ ‘ಡೆಂಪ್ಸ್ಟರ್’ ಅಂತ ಬರೆದು ಕೆಳಗೊಂದು ಗೆರೆ ಎಳೆಯುತ್ತಿದ್ದರು. “ಅವನು ಬೇಡ ಅಂದದ್ದಕ್ಕೆ ಇವನು ಬಂದ. ಬೇಡ ಅಂದದ್ದನ್ನೂ ಜಮಾ ಮಾಡ್ಬೇಕಲ್ವಾ?”

ಉಳಿದದ್ದೂ ಹೀಗೇ. ಬಾಲ್ಟಿಮೋರಿನಲ್ಲಿ ಯಾರಿಗೂ ಬೇಡವಾಗಿದ್ದ ಜೇಕ್ ಅರಿಯೆಟಾ 2013ರ ಜುಲೈಯಲ್ಲಿ ಬಂದ, ಹೋದದ್ದು ಮುಖ್ಯವಾಗಿ ಸ್ಕಾಟ್ ಫೆಲ್ಡ್‌ಮನ್. 2015ರಲ್ಲಿ ಅರಿಯೆಟಾ 22 ಗೆದ್ದು 6 ಸೋತು ಲೀಗಿನ ಅತ್ಯುತ್ತಮ ಪಿಚರ್ ಅನ್ನಿಸಿಕೊಂಡ. ಜೆಫ್ ಸಮಾರ್ಜಾನನ್ನು ಕೊಟ್ಟು ಅಡಿಸನ್ ರಸೆಲ್‌ನನ್ನು ತಂದರು. ಸೋಲಿನ ಲೆಕ್ಕ 101ರಿಂದ 96ಕ್ಕೆ, ಅಲ್ಲಿಂದ 89ಕ್ಕೆ ಇಳಿಯಿತು. ಗೋಡೆ ಏಳುವಾಗ ದಿನಾ ನೋಡುವವನಿಗೆ ಏನೂ ಗೊತ್ತಾಗುವುದಿಲ್ಲ. 2015ರಲ್ಲಿ ನೋಡುತ್ತೇನೆ, 97 ಗೆಲುವು, ಕಂಬದ ಹಿಂದಿನ ಸೀಟಿಗೂ ನೂಕುನುಗ್ಗಲು.

ಎಲ್ಲ ಕೊಡುಕೊಳ್ಳುವಿಕೆಯೂ ಹಿಡಿಸಿತು ಅಂತ ಸುಳ್ಳು ಹೇಳಲಾರೆ. 2016ರ ಜುಲೈಯಲ್ಲಿ ಗ್ಲೇಬರ್ ಟೋರೆಸ್ ಅನ್ನುವ ಚಿಗುರು ಹುಡುಗನ ಜೊತೆ ಇನ್ನೂ ಮೂವರನ್ನು ಕೊಟ್ಟು ಅರೊಲ್ಡಿಸ್ ಚಾಪ್ಮನ್‌ನನ್ನು ತಂದರು. ಕೌಟುಂಬಿಕ ಹಿಂಸೆಯ ಆರೋಪದ ಮೇಲೆ ಅದೇ ವರ್ಷ ಲೀಗಿನಿಂದ 30 ಪಂದ್ಯಗಳ ಶಿಕ್ಷೆ ಅನುಭವಿಸಿ ಬಂದವನು. ಗೃಹಪ್ರವೇಶಕ್ಕೆ ಅವಸರ ಬಿದ್ದಾಗ ಕದ ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. ನಾನೂ ಕೇಳಲಿಲ್ಲ, ಚಪ್ಪಾಳೆ ಹೊಡೆದೆ. ಈಗ ಮುಜುಗರವಾಗುತ್ತದೆ.

2016ರ ನವೆಂಬರ್ 2ರ ರಾತ್ರಿ ಕ್ಲೀವ್‌ಲ್ಯಾಂಡಿನಲ್ಲಿ ವರ್ಲ್ಡ್ ಸೀರೀಸಿನ ಏಳನೇ ಪಂದ್ಯ. ಸರಣಿಯಲ್ಲಿ 3-1 ಹಿಂದೆ ಬಿದ್ದವರು ಎದ್ದು ಬಂದಿದ್ದರು. ಆರನೇ ಪಂದ್ಯದಲ್ಲಿ ಒಂದೇ ಹೊಡೆತಕ್ಕೆ ನಾಲ್ಕು ರನ್ ತಂದವನು ರಸೆಲ್. ಅಂದರೆ, ಅಜ್ಜನ ಲೆಕ್ಕದಲ್ಲಿ, ಸಮಾರ್ಜಾ. ಏಳನೆಯದಕ್ಕೆ ಕಬ್ಸಿನ ಪಿಚಿಂಗ್ ಶುರು ಮಾಡಿದವನು ಹೆಂಡ್ರಿಕ್ಸ್. ನಾನು ಟಿವಿ ಮುಂದೆ ನೆಲದ ಮೇಲೆ ಕೂತು ಹೆಂಡತಿಗೆ “ನೋಡು ಡೆಂಪ್ಸ್ಟರ್” ಅಂದೆ. ಅವಳು ಪರದೆಯ ಮೇಲಿನ ಹೆಸರು ಓದಿ ನನ್ನ ಮುಖ ನೋಡಿದಳು.

ಎಂಟನೇ ಇನ್ನಿಂಗ್ಸಿನಲ್ಲಿ ಚಾಪ್ಮನ್ ಚೆಂಡಿಗೆ ರಾಜಾಯ್ ಡೇವಿಸ್ ಹೋಮ್‌ರನ್ ಹೊಡೆದು 6-6 ಮಾಡಿದಾಗ ನಮ್ಮ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಒಂಬತ್ತು ಇನ್ನಿಂಗ್ಸ್ ಮುಗಿದರೂ ಸಮ. ಆಮೇಲೆ ಮಳೆ! 108 ವರ್ಷ ಕಾದವರನ್ನು ಇನ್ನೂ 17 ನಿಮಿಷ ಕಾಯಿಸಿತು. ಹತ್ತನೆಯದರಲ್ಲಿ ಎರಡು ರನ್ ಬಂದವು, ಒಂದು ಹೋಯಿತು. 8-7. ಕೊನೆಯ ಚೆಂಡು ಮೆತ್ತಗೆ ಬ್ರಯಾಂಟ್ ಕಡೆ ಉರುಳಿತು. ಒದ್ದೆ ಹುಲ್ಲಿನ ಮೇಲೆ ಅವನ ಕಾಲು ಜಾರಿತು. ಜಾರುತ್ತಲೇ ನಗುತ್ತಿದ್ದ, ನಗುತ್ತಲೇ ಎಸೆದ. ರಿಜ್ಜೊ ಹಿಡಿದ. ಹಿಡಿದವನೇ ಚೆಂಡನ್ನು ಹಿಂದಿನ ಜೇಬಿಗೆ ತುರುಕಿಕೊಂಡು ಓಡಿದ. ಎಲ್ಲರೂ ಕುಣಿಯುವಾಗ ಮನೆ ಬೀಗದ ಕೈ ಜೇಬಿನಲ್ಲಿದೆಯಾ ಅಂತ ಮುಟ್ಟಿ ನೋಡಿಕೊಳ್ಳುವ ಗೃಹಸ್ಥ!

ಆ ದಿನಗಳಲ್ಲಿ ಜನ ರಿಗ್ಲಿ ಫೀಲ್ಡಿನ ಹೊರಗೋಡೆಯ ಇಟ್ಟಿಗೆಗಳ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆಯುತ್ತಿದ್ದರು. ಹೆಚ್ಚಿನವು ಈ ಗೆಲುವು ನೋಡದೆ ತೀರಿಕೊಂಡ ಅಪ್ಪಂದಿರ, ಅಜ್ಜಿಯರ ಹೆಸರು. ನಾನೂ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋದೆ. ನನ್ನ ಕಡೆಯವರು ಯಾರೂ ಕಬ್ಸಿಗೆ ಕಾದವರಲ್ಲ. ತುಂಬ ಹುಡುಕಿ ಒಂದು ಖಾಲಿ ಇಟ್ಟಿಗೆ ಹಿಡಿದು ಕನ್ನಡದಲ್ಲಿ ‘ಡೆಂಪ್ಸ್ಟರ್’ ಅಂತ ಬರೆಯೋಕೆ ಹೊರಟೆ. ಆ ಹೆಸರಿನ ಕಷ್ಟ ಆಗ ಗೊತ್ತಾಯಿತು. ಪಕಾರದ ಕೆಳಗೆ ಸಕಾರದ ಒತ್ತು, ಅದರ ಕೆಳಗೆ ಟಕಾರದ ಒತ್ತು. ಮೊದಲನೆಯದು ಗಾರೆಯ ಸಂದಿಗೆ ಬಿತ್ತು, ಎರಡನೆಯದು ಕೆಳಗಿನ ಇಟ್ಟಿಗೆಯಲ್ಲಿದ್ದ ಯಾರದೋ ತಂದೆಯ ತಲೆ ಮೇಲೆ ಕೂತಿತು. ಪಕ್ಕದಲ್ಲಿ ಏಣಿ ಹತ್ತಿದ್ದ ಹೆಂಗಸು ಕೆಳಗೆ ನೋಡಿ, “ಎಷ್ಟು ಚಂದದ ಲಿಪಿ. ನಿಮ್ಮ ತಾತನಾ?” ಅಂದರು. ನಾನು ಹೌದು ಅಂದುಬಿಟ್ಟೆ.

ಅಜ್ಜ ಎರಡು ವರ್ಷದ ನಂತರ ಮಗನ ಮನೆಗೆಂದು ಅರಿಜೋನಾಗೆ ಹೋದರು. ಹಲಗೆಯನ್ನು ನನಗೆ ಕೊಟ್ಟು ಹೋದರು. ಪೆನ್ಸಿಲ್ ಕೊಡಲಿಲ್ಲ.

2021ರ ಜುಲೈ ಕೊನೆಯಲ್ಲಿ ರಿಜ್ಜೊ, ಬ್ರಯಾಂಟ್, ಹಾವಿಯೆರ್ ಬಾಯೆಜ್ ಮೂವರನ್ನೂ ಎರಡೇ ದಿನದಲ್ಲಿ ಬೇರೆ ಬೇರೆ ಟೀಮಿಗೆ ಕಳಿಸಿದರು. ಕಳಿಸಿದವರು ಅದೇ ಹೋಯರ್, ಅಷ್ಟೊತ್ತಿಗೆ ಎಪ್‌ಸ್ಟೀನ್ ಹೊರಟುಹೋಗಿದ್ದರು. ಕಟ್ಟಿ ಐದು ವರ್ಷವಾಗಿಲ್ಲ, ಆಗಲೇ ಕೆಡವೋಕೆ ಶುರು. ನಾನು ಬಾಯೆಜ್ ಹೆಸರಿನ ನೀಲಿ ಅಂಗಿ ಹಾಕಿಕೊಂಡೇ ಆ ಸುದ್ದಿ ಓದಿದೆ. ಬಾಯೆಜ್ ಬದಲಿಗೆ ನ್ಯೂಯಾರ್ಕಿನಿಂದ ಬಂದವನು ಪೀಟ್ ಕ್ರೋ-ಆರ್ಮ್‌ಸ್ಟ್ರಾಂಗ್ ಅಂತೆ, ಹತ್ತೊಂಬತ್ತರ ಹುಡುಗ, ಅದೂ ಭುಜಕ್ಕೆ ಆಪರೇಷನ್ ಆದವನು. “ಮುಂದಿನ ವರ್ಷ ನೋಡ್ತಿರಿ” ಅನ್ನೋಕೂ ಬಾಯಿ ಬರಲಿಲ್ಲ.

ಈಗ ಮಗಳಿಗೆ ಅವನೇ ದೇವರು. 2025ರಲ್ಲಿ 31 ಹೋಮ್‌ರನ್ ಹೊಡೆದ, ಪಿಚರ್ ಕಣ್ತಪ್ಪಿಸಿ ಓಡಿ 35 ಬೇಸ್ ಕದ್ದ. ಆ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಮತ್ತೆ ಕಂಬದ ಹಿಂದೆ ಕೂತಿದ್ದೆವು. ಹಲಗೆ ನನ್ನ ತೊಡೆಯ ಮೇಲಿತ್ತು, ಕಡಲೆಕಾಯಿ ಅವಳ ಮಡಿಲಲ್ಲಿ. ಕ್ರೋ-ಆರ್ಮ್‌ಸ್ಟ್ರಾಂಗ್ ಹೆಸರು ಬರೆದು ಪಕ್ಕದಲ್ಲಿ ಸಣ್ಣಗೆ ‘ಬಾಯೆಜ್’ ಅಂತ ಸೇರಿಸಿದೆ.

“ಅದ್ಯಾರಪ್ಪ?” ಅಂದಳು.

ಹೇಳೋಕೆ ಬಾಯಿ ತೆರೆದೆ. ಅಷ್ಟರಲ್ಲಿ ಬ್ಯಾಟಿನ ಸದ್ದು ಕೇಳಿತು, ಚೆಂಡು ಕಂಬದ ಹಿಂದೆ ಮರೆಯಾಯಿತು. ಮಗಳು ಎದ್ದು ನಿಂತಳು, ಮಡಿಲಿನ ಕಡಲೆಕಾಯಿಯೆಲ್ಲ ಮುಂದಿನ ಸೀಟಿನವನ ಟೋಪಿಯ ಮೇಲೆ ಬಿತ್ತು. ಅವನೂ ಎದ್ದು ನಿಂತಿದ್ದ, ತಿರುಗಿಯೂ ನೋಡಲಿಲ್ಲ.